ಸಾವಿನ ಮನೆಯಲ್ಲಿ ಬರ್ತೀನಿ ಅಂದೆ

ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬಾರದು, ಅಂದರೆ ಸಾವೂ ಮತ್ತೆ ಬರುತ್ತದಂತೆ. ಸುಮ್ಮನೆ ಎದ್ದುಬಿಡಬೇಕು. ಈ ವಯಸ್ಸಿನಲ್ಲಿ ಮದುವೆಮನೆಗಳಿಗಿಂತ ಇಂಥ ಮನೆಗಳಿಗೇ ಹೆಚ್ಚು ಹೋಗುತ್ತೇನೆ, ಆದರೂ ನಾಲಿಗೆಗೆ ಅಭ್ಯಾಸವಾಗಿಲ್ಲ ಸ್ನೇಹಿತರೇ. ಇಂದು ಚಾಮರಾಜಪೇಟೆಯಲ್ಲಿ, ಗಂಡನನ್ನು ಕಳೆದುಕೊಂಡ ಶಾರದಮ್ಮನವರಿಗೆ ‘ಬರ್ತೀನಮ್ಮ’ ಅಂದುಬಿಟ್ಟೆ.

ಪಕ್ಕದಲ್ಲಿದ್ದ ಅವರ ತಂಗಿಯ ಗಂಡ ಎಲ್ಲರೆದುರೇ ಗದರಿದರು: “ಏನ್ರೀ, ಇಂಥ ಮನೇಲಿ ಬರ್ತೀನಿ ಅಂತಾರಾ? ಅಷ್ಟೂ ಗೊತ್ತಾಗಲ್ವಾ?”

ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದೆ.

ಶಾರದಮ್ಮ ಕೂತಲ್ಲಿಂದಲೇ ಹೇಳಿದರು: “ಅನ್ಲಿ ಬಿಡಿ. ಬೆಳಗ್ಗೆಯಿಂದ ಮನೆ ತುಂಬಾ ಜನ ಬಂದ್ರು. ಬರ್ತೀನಿ ಅಂದಿದ್ದು ಇವರೊಬ್ರೇ.”

ಗದರಿದವರು ವಾಚು ನೋಡಿಕೊಂಡರು. ಆಮೇಲೆ ಶಾಸ್ತ್ರ ಒಂದಿಷ್ಟೂ ತಪ್ಪದಂತೆ, ಏನೂ ಹೇಳದೆ ಎದ್ದು ಹೋದರು.