ಮೂರು ದಾರಿ ಕೂಡುವ ಮೂಲೆ

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಿಗೆ ಆಗ ಎರಡೂವರೆ ವರ್ಷ. ನಿಮ್ಮಮ್ಮ ಹೊಳಲ್ಕೆರೆಯ ಶಾಲೆಗೆ, ನಿಮ್ಮಪ್ಪ ಹಿರಿಯೂರಿನ ಕಚೇರಿಗೆ ಬೆಳಿಗ್ಗೆ ಎಂಟಕ್ಕೇ ಬಸ್ಸು ಹತ್ತುತ್ತಿದ್ದರು. ಮಗುವನ್ನು ನೋಡಿಕೊಳ್ಳಲೆಂದು ನಾನು ಆದಿವಾಲದಿಂದ ಚಿತ್ರದುರ್ಗಕ್ಕೆ ಬಂದೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಎದುರಿಗೆ ಇನ್ನೊಂದೇ ಬಾಗಿಲು. ಆ ಮನೆಯಲ್ಲಿ ನನ್ನ ವಯಸ್ಸಿನ ಹೆಂಗಸು. ಹೆರಿಗೆಗೆಂದು ಹೊಸದುರ್ಗದಿಂದ ಬಂದ ಅವರ ಮಗಳು ಬಾಣಂತಿಯಾಗಿದ್ದಳು.

ಒಂದು ದಿನ ಲಿಫ್ಟಿನ ಹತ್ತಿರ ಆಕೆ ನಮ್ಮ ಮಗುವಿನ ಕೆನ್ನೆ ಹಿಂಡಿ, "ಎಷ್ಟ್ ಗುಂಡಗವ್ಳೆ ನೋಡು!" ಎಂದರು. ಅವತ್ತಿನಿಂದಲೇ ಮಗು ಊಟ ಬಿಟ್ಟಿತು. ಡಾಕ್ಟರು ಏನೂ ಇಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ. ಸಂಜೆ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ದೃಷ್ಟಿ ತೆಗೆದೆ. ಊರಲ್ಲಾದರೆ ಒಲೆಗೆ ಹಾಕುತ್ತಿದ್ದೆ, ಇಲ್ಲವೇ ಮೂರು ದಾರಿ ಕೂಡುವಲ್ಲಿ ಬಿಟ್ಟು ಹಿಂದೆ ನೋಡದೆ ಬರುತ್ತಿದ್ದೆ. ಗ್ಯಾಸಿನ ಮೇಲೆ ಮೆಣಸಿನಕಾಯಿ ಸುಟ್ಟರೆ ಕಟ್ಟಡವೆಲ್ಲ ಕೆಮ್ಮುತ್ತದೆ. ಮುಷ್ಟಿ ಬಿಗಿಹಿಡಿದು ಗೇಟಿನ ವಾಚ್‌ಮನ್ ಮುಂದೆ ಹೋಗಲು ನಾಚಿಕೆ. ಮೆಟ್ಟಿಲು, ಲಿಫ್ಟು, ಓಣಿಯಂಥ ಹಾದಿ ಮೂರೂ ಸೇರುವ ಮೂಲೆ ಎದುರುಮನೆ ಬಾಗಿಲ ಪಕ್ಕದಲ್ಲೇ ಕಣ್ಣಿಗೆ ಬಿತ್ತು. ಇದೂ ಮೂರು ದಾರಿಯೇ ಅಂದುಕೊಂಡು ಅಲ್ಲಿ ಬಿಟ್ಟು ಬಂದೆ. ಮಾರನೆಯ ದಿನ ಮಗು ನಾಲ್ಕು ತುತ್ತು ತಿಂದಿತು. ಆಮೇಲೂ ಎರಡು ಸಲ ಹಾಗೇ ಮಾಡಿದೆ.

ಮೂರನೆಯ ಸಲ ಮಾಡಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಹೊಸ್ತಿಲಾಚೆ ಕೊಯ್ದ ನಿಂಬೆಹಣ್ಣು. ಎರಡು ಹೋಳಿಗೂ ಕುಂಕುಮ. ಮಗುವಿಗೆ ಮಾಟ ಮಾಡುತ್ತಿದ್ದಾರೆ ಎನಿಸಿತು. ನಿಮ್ಮಮ್ಮನಿಗೆ ಹೇಳಿದರೆ, "ಅವ್ವಾ, ನಿನ್ನ ತಲೇಲಿ ಇನ್ನೂ ಏನೇನೈತೋ," ಎಂದು ನಕ್ಕಾಳು. ಹೇಳಲಿಲ್ಲ. ಕಸದ ಮೊರದಲ್ಲಿ ಎತ್ತಿ ಹಾಕಿದೆ.

ಅವತ್ತಿನಿಂದ ಹಗಲೆಲ್ಲ ಬಾಗಿಲು ಭದ್ರ. ಮಗುವನ್ನು ಹೊರಗೆ ಬಿಡಲಿಲ್ಲ, ಕಿಟಕಿಯನ್ನೂ ತೆಗೆಯಲಿಲ್ಲ. ಬಾಗಿಲಲ್ಲಿ ಹೊರಗೆ ನೋಡುವ ಸಣ್ಣ ಗಾಜಿನ ಕಣ್ಣು ಇತ್ತಲ್ಲ, ನಾನು ಅದಕ್ಕೇ ಅಂಟಿಕೊಂಡೆ. ಎದುರುಮನೆ ಹೆಂಗಸು ದಿನಕ್ಕೆ ಎಷ್ಟು ಸಲ ಬಾಗಿಲು ತೆಗೆಯುತ್ತಾರೆ, ಕೈಯಲ್ಲಿ ಏನಿರುತ್ತದೆ, ನಮ್ಮ ಬಾಗಿಲ ಕಡೆ ಯಾಕೆ ನೋಡುತ್ತಾರೆ ಎಲ್ಲ ನೋಡಿದೆ. ಬಾಣಂತಿಗೆ ಹಾಕುವ ಸಾಂಬ್ರಾಣಿ ಹೊಗೆ ಬಾಗಿಲ ಸಂದಿಯಿಂದ ಬಂದರೂ ನನಗೆ ಬೇರೆಯೇ ವಾಸನೆ. ಗಾಜಿನಲ್ಲಿ ಅವರ ಮುಖ ಅಗಲವಾಗಿ, ಸೊಟ್ಟಗೆ ಕಾಣುತ್ತಿತ್ತು. ಅದೇ ಅವರ ನಿಜವಾದ ಮುಖ ಅನ್ನಿಸಿಬಿಟ್ಟಿತು.

ಒಂದು ಮಧ್ಯಾಹ್ನ ಆಕೆ ಆ ಮೂಲೆಯಲ್ಲಿ ಬಗ್ಗಿದ್ದು ಕಂಡಿತು. ಅವರು ಒಳಗೆ ಹೋದ ಮೇಲೆ ಏನಿಟ್ಟರೆಂದು ನೋಡಲು ಮೆಲ್ಲಗೆ ಹೊರಗೆ ಬಂದೆ. ಮೂಲೆಯಲ್ಲಿ ಏನೂ ಇರಲಿಲ್ಲ. ಮೆಟ್ಟಿಲ ಕಡೆಯ ಗಾಳಿಗೆ ಹಿಂದೆ ಬಾಗಿಲು ಬಡಿದುಕೊಂಡಿತು. ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲು ಅದು. ಒಳಗೆ ಮಗು ಒಂದೇ, ಒಲೆಯ ಮೇಲೆ ಹಾಲು.

ಬೇರೆ ದಾರಿ ಇರಲಿಲ್ಲ. ಎದುರಿನ ಬಾಗಿಲು ಬಡಿದೆ. ಸರಪಳಿ ತೆಗೆಯದೆ ನಾಲ್ಕು ಬೆರಳಷ್ಟು ತೆರೆದರು.

"ಮೊದ್ಲು ಕೈ ತೋರ್ಸ್ರಿ."

"ಏನ್ರೀ?"

"ಎರಡೂ ಕೈ ತೋರ್ಸ್ರಿ ಅಂದೆ."

ತೋರಿಸಿದೆ. ಎರಡೂ ಖಾಲಿ. "ಮಗು ಒಳಗೈತ್ರೀ. ಹಾಲು ಒಲೆ ಮ್ಯಾಲೈತೆ. ಬಾಗ್ಲು ಬಿದ್ಬಿಡ್ತು."

"ಅಯ್ಯೋ, ನಿಮ್ಮ ಮಗಳು ಈ ಮನೆಗೆ ಬಂದಾಗ್ಲೇ ನಮ್ಮತ್ರ ಒಂದು ಬೀಗದ ಕೈ ಕೊಟ್ಟವ್ಳಲ್ಲ! ನಡೀರಿ ನಡೀರಿ, ಅಳಾದು ಆಮೇಲೆ."

ಹಾಲು ಉಕ್ಕಿ ಬೆಂಕಿ ಆರಿತ್ತು, ಗ್ಯಾಸಿನ ವಾಸನೆ. ನಾನು ನಿಂತೇ ಇದ್ದೆ. ಆಕೆ ಸೆರಗು ಮೂಗಿಗೆ ಒತ್ತಿಕೊಂಡು ಒಲೆ ತಿರುಗಿಸಿದರು, ನಾನು ಬಿಗಿದಿದ್ದ ಕಿಟಕಿಗಳನ್ನೆಲ್ಲ ತೆರೆದರು, ಮಂಚದ ಕೆಳಗಿದ್ದ ಮಗುವನ್ನು ಎಳೆದು ನನ್ನ ತೋಳಿಗೆ ಕೊಟ್ಟರು. ಇಷ್ಟು ದಿನವೂ ಆಕೆಯ ಬಳಿ ನಮ್ಮ ಬೀಗದ ಕೈ ಇತ್ತು. ಕೆಡುಕು ಮಾಡುವ ಮನಸ್ಸಿದ್ದರೆ ನಿಂಬೆಹಣ್ಣು ಯಾಕೆ ಬೇಕಿತ್ತು?

ನೀರು ಕುಡಿಯುತ್ತ ಅವರೇ ಮಾತು ತೆಗೆದರು. "ಕೈ ತೋರ್ಸಿ ಅಂದಿದ್ದಕ್ಕೆ ಬೇಜಾರಾಗಬ್ಯಾಡ್ರಿ. ಯಾರೋ ನಮ್ಮ ಬಾಗ್ಲ ಪಕ್ಕ ಉಪ್ಪು ಮೆಣಸಿನಕಾಯಿ ಬಿಡ್ತಾ ಅವ್ರೆ. ಮತ್ತೆ ಬಿಟ್ಟವ್ರೇನೋ ಅಂತ ದಿನಾ ಆ ಮೂಲೇಲಿ ಬಗ್ಗಿ ನೋಡ್ತೀನಿ. ಮನೇಲಿ ಬಾಣಂತಿ, ಹಸುಗೂಸು. ನೀವೇ ಅಂದ್ಕೊಂಡು ನಿಮ್ಮ ಬಾಗ್ಲಿಗೆ ನಿಂಬೆಹಣ್ಣು ಇಟ್ಟೆ. ಈಗ ನೋಡಿದ್ರೆ ನಿಮ್ಮದು ಇರುವೆಗೂ ಹೆದರೋ ಜೀವ. ನೀವಲ್ಲ ಅಂದ್ಮೇಲೆ ನಮ್ಮ ಮೇಲ್ಮನೆಯವ್ಳೇ ಅದು. ಸಂಜೆ ನಮ್ಮನೆಯವ್ರನ್ನ ಕರ್ಕೊಂಡು ಹೋಗಿ ಅವಳ ಮಾನ ತೆಗೀತೀನಿ. ನೀವು ಹೆಂಗೂ ದಿನಾ ಬಾಗ್ಲ ಕಣ್ಣಲ್ಲೇ ಇರ್ತೀರಲ್ಲ, ಅವಳು ಇಳಿದು ಬಂದಿದ್ದು ಕಂಡೆ ಅಂತ ಒಂದು ಮಾತು ಹೇಳ್ರಿ."

ನಾನು ನೋಡುತ್ತಿದ್ದುದು ಅವರಿಗೆ ಗೊತ್ತಿತ್ತು. ಸುಮ್ಮನಿದ್ದುಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಮೇಲಿನ ಮನೆಯವಳ ಹತ್ತಿರ ನಾನು ಒಂದು ಮಾತೂ ಆಡಿದವಳಲ್ಲ.

"ಅವಳಲ್ರೀ," ಎಂದೆ. "ನಾನು. ಮಗೂಗೆ ದೃಷ್ಟಿ ತೆಗೆದಿದ್ದು. ಬಿಡೋಕೆ ಮೂರು ದಾರಿ ಸಿಗಲಿಲ್ಲ."

ಆಕೆ ಲೋಟ ಕೆಳಗಿಟ್ಟರು. "ನನ್ನ ದೃಷ್ಟೀನಾ?"

"ಹೂಂ ರೀ," ಎಂದೆ. ಅವರು ಎದ್ದು ಹೋದರು.

ಅವತ್ತು ಸಂಜೆ ಮೇಲಿನ ಮನೆಗೆ ಯಾರೂ ಜಗಳಕ್ಕೆ ಹೋಗಲಿಲ್ಲ. ಮುಂದೆ ಎದುರುಮನೆಯಲ್ಲಿ ತೊಟ್ಟಿಲ ಶಾಸ್ತ್ರವಾಯಿತು. ಕಟ್ಟಡದ ಹೆಂಗಸರನ್ನೆಲ್ಲ ಕರೆದರು, ಮೇಲಿನವಳನ್ನೂ. ನಮ್ಮ ಮನೆಯಲ್ಲಿ ನಿಮ್ಮಮ್ಮನೊಬ್ಬಳಿಗೇ ಕುಂಕುಮವಿಟ್ಟು ಹೇಳಿ ಹೋದರು. ಗಂಡನಿಲ್ಲದವಳೆಂದು ನನ್ನನ್ನು ಬಿಟ್ಟರೋ, ಉಪ್ಪು ಚೆಲ್ಲಿದವಳೆಂದೋ, ಕೇಳಲು ನನಗೆ ಬಾಯಿ ಬರಲಿಲ್ಲ. ಮಗುವಿಗೆ ಹೊಸ ಲಂಗ ತೊಡಿಸಿ, ಕೆನ್ನೆಗೆ ದೃಷ್ಟಿಬೊಟ್ಟು ಇಡದೆ, ನಿಮ್ಮಮ್ಮನ ಜೊತೆ ಕಳಿಸಿದೆ.