ದೊಡ್ಡವ್ವ ಮಲ್ಪೆಯಲ್ಲಿ ಬಿದ್ದದ್ದು

ನಮ್ಮ ದೊಡ್ಡಪ್ಪ ಹೊಳೆನರಸೀಪುರದ ಮನೆಗೆ ವಿಡಿಯೋ ಕ್ಯಾಮೆರಾ ತಂದ ಮೇಲೆ ನಾವು ಪ್ರವಾಸ ಹೋಗುವುದನ್ನು ಬಿಟ್ಟು ಶೂಟಿಂಗಿಗೆ ಹೋಗತೊಡಗಿದೆವು. ಬೇಸಿಗೆ ರಜೆಗೆ ಬಾಡಿಗೆ ವ್ಯಾನು ಬರುತ್ತಿತ್ತು. ಎಲ್ಲಿಗೆ ಹೋದರೂ ಮಕ್ಕಳ ಕೆಲಸ ಒಂದೇ, ದೊಡ್ಡಪ್ಪ ಹೇಳಿದ ಕಡೆಯಿಂದ ನಗುತ್ತಾ ನಡೆದು ಬರುವುದು. ನಗು ಸಾಲದಿದ್ದರೆ ವಾಪಸ್ ಹೋಗಿ ಮತ್ತೆ ಬರುವುದು. ಜೋಗದಲ್ಲಿ ಆ ವರ್ಷ ನೀರೇ ಇರಲಿಲ್ಲ. ಆದರೂ ಒಣಬಂಡೆ ತೋರಿಸಿ, "ಎಲ್ರೂ ಆಹಾ ಅನ್ರಲಾ!" ಎಂದರು. ಅಂದೆವು.

ದೊಡ್ಡವ್ವ ಮಲ್ಪೆಯ ಸಮುದ್ರದಲ್ಲಿ ಬಿದ್ದಾಗ ನಾವೆಲ್ಲ ದೂರದಲ್ಲಿ ಐಸ್‌ಕ್ಯಾಂಡಿ ಗಾಡಿಗೆ ಮುತ್ತಿದ್ದೆವು. ಹಾಗಾಗಿ ನಮಗೆ ಗೊತ್ತಿದ್ದದ್ದು ದೊಡ್ಡಪ್ಪ ಹೇಳಿದ ಕಥೆ ಮಾತ್ರ. ಆಳೆತ್ತರದ ಅಲೆ ಬಂತು, ಅವರು ಕ್ಯಾಮೆರಾ ಬಿಸಾಡಿ ನೀರಿಗೆ ಹಾರಿದರು, ಹೆಂಡತಿಯನ್ನು ಎಳೆದು ತಂದರು. ಪ್ರತಿ ನಾಮಕರಣ, ಗೃಹಪ್ರವೇಶಕ್ಕೂ ಅಲೆ ಒಂದಿಷ್ಟು ಬೆಳೆಯುತ್ತಿತ್ತು. ದೊಡ್ಡವ್ವ ತಮ್ಮ ಪಾಡಿಗೆ ಬಡಿಸಿಕೊಂಡು ಮುಂದೆ ಹೋಗುತ್ತಿದ್ದರು.

ಈ ವರ್ಷ ಅವರ ಮಗಳು ಹಾಸನದ ಸ್ಟುಡಿಯೋ ಒಂದರಲ್ಲಿ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ ತಂದಳು. ಭಾನುವಾರ ಬಾಡೂಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕುಳಿತೆವು.

"ಈಗ ನೋಡ್ರಲಾ, ಮಲ್ಪೆ ಬತ್ತದೆ," ಎಂದು ದೊಡ್ಡಪ್ಪನೇ ಎಲ್ಲರನ್ನೂ ಸುಮ್ಮನಾಗಿಸಿದರು. ತಮ್ಮ ಕಥೆಯನ್ನು ಅಷ್ಟು ಸಲ ಹೇಳಿ ಅವರೇ ನಂಬಿಬಿಟ್ಟಿದ್ದರು.

ಪರದೆಯ ಮೇಲೆ ದೊಡ್ಡವ್ವ ಸೀರೆ ಎತ್ತಿ ಹಿಡಿದು ಪಾದದ ಮಟ್ಟದ ನೀರಲ್ಲಿ ನಿಂತಿದ್ದರು. "ಇನ್ನೂ ಇಂದಕ್ಕೋಗು," ಎನ್ನುತ್ತಿತ್ತು ದೊಡ್ಡಪ್ಪನ ದನಿ. ಅಲೆ ಬಂತು. ಮಂಡಿಯುದ್ದವೂ ಇರಲಿಲ್ಲ. ದೊಡ್ಡವ್ವ ಮಗುಚಿ ಬಿದ್ದು, "ರೀ, ಕೈ ಕೊಡ್ರೀ!" ಎಂದು ಕೂಗಿದರು. ಕ್ಯಾಮೆರಾ ಒಂಚೂರೂ ಅಲುಗಲಿಲ್ಲ. ಕಳ್ಳೇಕಾಯಿ ಮಾರುವವನೊಬ್ಬ ಬುಟ್ಟಿ ಇಳಿಸಿ ಓಡಿಬಂದು ಅವರನ್ನು ರಟ್ಟೆ ಹಿಡಿದು ಎಬ್ಬಿಸಿದ. ಆಮೇಲೆ ಮತ್ತೆ ದೊಡ್ಡಪ್ಪನ ದನಿ: "ಥೂ, ಇವ್ನು ಅಡ್ಡ ಬಂದ್ಬುಟ್ಟ. ಲೇ, ಇನ್ನೊಂದ್ಸಲ ಬೀಳು!"

ಮನೆಯೆಲ್ಲ ನಗು. ಅಳಿಯ ಮಾತ್ರ ತುಟಿ ಕಚ್ಚಿಕೊಂಡು ಫ್ಯಾನ್ ನೋಡುತ್ತಿದ್ದ.

"ಸ್ಟುಡಿಯೋದೋನು ಕಟ್ ಮಾಡವ್ನೆ ಕಣ್ಲಾ! ನಾನು ಆರಿದ್ದು ಅದ್ರಲ್ಲೇ ಇತ್ತು," ಎಂದರು ದೊಡ್ಡಪ್ಪ.

"ನೀವು ಹಾರಿದ್ದನ್ನ ಯಾರು ತೆಗೆದ್ರು ತಾತಾ?" ಎಂದಳು ಮೊಮ್ಮಗಳು.

ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ನಂಗೊತ್ತಿತ್ತು ಬುಡಿ. ಎತ್ತಿದ್ ಕೈ ಗಟ್ಯಾಗಿತ್ತು. ನಮ್ಮನೇವ್ರದಲ್ಲ ಅಂತ ಅವತ್ತೇ ಅನ್ಕಂಡೆ."

ದೊಡ್ಡಪ್ಪ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಇನ್ನು ಆ ಕಥೆ ಮುಗಿಯಿತು ಎಂದುಕೊಂಡೆವು. ಮೊನ್ನೆ ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಬೀಗರ ನಡುವೆ ಕುಳಿತು ಅವರು ಹೇಳುತ್ತಿದ್ದರು: "ಆ ಕಳ್ಳೇಕಾಯಿಯೋನ್ನ ಕೂಗಿ ಕರ್ದೋನೇ ನಾನು! ಇಲ್ದಿದ್ರೆ ಅವತ್ತು ಇವ್ಳು ಓಗ್ಬುಡೋಳು."

ಬೀಗರು ಹೌಹಾರಿದರು. ದೊಡ್ಡವ್ವ ಮಗಳ ಕಡೆ ಬಾಗಿ ಕೇಳಿದರು: "ಈ ಚೌಟ್ರೀಲಿ ಟಿವಿ ಐತೇನೇ?"