ಹುಳ ಗೂಡು ಕಟ್ಟಲಿ, ಆಮೇಲೆ

ಹೊರಟ ನಂಟರು ಚಪ್ಪಲಿ ಮೆಟ್ಟಿಕೊಂಡ ಮೇಲೂ ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡುವುದನ್ನು ನೀವೂ ನೋಡಿರುತ್ತೀರಿ. ಒಳಗೆ ಆಕಳಿಸುತ್ತಿದ್ದವರಿಗೆ ಹೊರಡುವಾಗ ಸರಸ್ವತಿ ಒಲಿಯುತ್ತಾಳೆ. ಹೋಗುತ್ತೇನೆ ಎನ್ನುವುದಕ್ಕೂ ಹೋಗುವುದಕ್ಕೂ ನಡುವಿನ ಈ ಜಾಗ ನನಗೆ ಬಹಳ ಕುತೂಹಲದ್ದು. ಏಕೆಂದರೆ ನಮ್ಮ ಚಿಕ್ಕಮ್ಮ ತನ್ನ ದಾಂಪತ್ಯದ ಮೊದಲ ಕೆಲವು ವರ್ಷಗಳನ್ನು ಹೆಚ್ಚುಕಡಿಮೆ ಅಲ್ಲೇ ಕಳೆದಳು.

ನನಗಿಂತ ಸ್ವಲ್ಪವೇ ದೊಡ್ಡವನಾದ, ಶಿಡ್ಲಘಟ್ಟದಲ್ಲಿ ರೇಷ್ಮೆಹುಳ ಸಾಕುತ್ತಿದ್ದ ಚಿಕ್ಕಪ್ಪ, ಚಿಂತಾಮಣಿಯ ಈ ಹುಡುಗಿಯನ್ನು ತಾನೇ ಮೆಚ್ಚಿ, ಹಿರಿಯರನ್ನು ಕಾಡಿ ಬೇಡಿ ಮದುವೆಯಾದವನು. ಮದುವೆಯೂಟದ ಪಂಕ್ತಿಯಲ್ಲಿ ಅವನ ಮಾವ ಯಾರಿಗೋ "ಹುಳ ಮೇಯಿಸೋನಿಗೆ ಹೆಣ್ಣು ಕೊಟ್ಟಂಗಾಯ್ತು" ಎಂದದ್ದು ಅವನ ಕಿವಿಗೆ ಬಿತ್ತು. ಅಂದಿನಿಂದ ಅವನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. "ಹುಳ ಬಿಟ್ಟು ಹೆಂಗೆ ಬರ್ಲಿ?" ಎಂಬ ನೆಪವಂತೂ ಸದಾ ಸಿದ್ಧವಿತ್ತು. ಚಿಕ್ಕಮ್ಮ ಹಬ್ಬಕ್ಕೆಲ್ಲ ಒಬ್ಬಳೇ ತವರಿಗೆ ಹೋಗಿ, ಜೋಡಿಯಾಗಿ ಬಂದ ಅಕ್ಕಂದಿರ ನಡುವೆ ಒಂಟಿಯಾಗಿ ಕೂತು ಬರುತ್ತಿದ್ದಳು. ಕೊನೆಗೊಮ್ಮೆ ಬಟ್ಟೆಯ ಗಂಟು ಕಟ್ಟಿಟ್ಟಳು. "ಈ ಹುಳ ಗೂಡು ಕಟ್ಟಲಿ, ಆಮೇಲೆ ನೋಡ್ಕೋ. ಹೋದೋಳು ತಿರುಗಿ ಬರಲ್ಲ."

ಗೂಡು ಕಟ್ಟುವವರೆಗೆ ಏಕೆಂದರೆ, ಆ ಮನೆಯವರದೊಂದು ನಂಬಿಕೆ: ಮರಿಗೆ ಮೊದಲು ಸೊಪ್ಪು ಹಾಕಿದ ಕೈಯೇ ಕೊನೆಯವರೆಗೂ ಹಾಕಬೇಕು, ಕೈ ಬದಲಾದರೆ ಹುಳ ಮೇವು ಬಿಡುತ್ತದೆ. ಇತ್ತ ಹುಳ ಗೂಡು ಕಟ್ಟುವಷ್ಟರಲ್ಲಿ ಅತ್ತ ಚಿಕ್ಕಪ್ಪ ಹೊಸ ಮೊಟ್ಟೆ ತಂದಿಟ್ಟಿರುತ್ತಿದ್ದ. ಮರಿ ಹೊರಬಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಗಂಟು ಮೂಲೆಯಲ್ಲೇ ಉಳಿಯುತ್ತಿತ್ತು.

"ಏನಮ್ಮೋ, ನಿನ್ ಗಂಟು ಇನ್ನೂ ಅಲ್ಲೇ ಐತೆ? ಅದೂ ಗೂಡು ಕಟ್ಟಿಬಿಟ್ಟೀತು, ನೋಡ್ಕೋ!" ಎಂದು ಪಕ್ಕದ ಮನೆಯ ಮುನಿಯಮ್ಮ ಅಣಕಿಸುತ್ತಿದ್ದಳು.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಮನುಷ್ಯರ ಮನಸ್ಸೆಲ್ಲ ಕರತಲಾಮಲಕವಾಯಿತೆಂದು ನಾನು ಬೀಗುತ್ತಿದ್ದ ಕಾಲ ಅದು. ರಜಕ್ಕೆ ಹೋದವನು, ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಚಿಕ್ಕಪ್ಪನ ಮುಂದೆ ಉಪನ್ಯಾಸ ಬಿಚ್ಚಿದೆ. ಗಂಡುಹೆಣ್ಣು ಜೊತೆಗೆ ಉಳಿಯುವುದು ಅಭ್ಯಾಸದಿಂದ, ಊರವರ ಬಾಯಿಗೆ ಹೆದರಿ, ಇಷ್ಟು ದಿನ ಪಟ್ಟ ಪಾಡು ವ್ಯರ್ಥವಾದೀತೆಂಬ ಸಂಕಟದಿಂದ. ಪ್ರೀತಿಯೆಂಬುದು ಆ ಗೋಡೆಗೆ ಆಮೇಲೆ ಬಳಿಯುವ ಸುಣ್ಣ, ಇತ್ಯಾದಿ. ಚಿಕ್ಕಪ್ಪನ ಕತ್ತಿ ನಿಂತಿತು.

"ಹಂಗಾದ್ರೆ ಇವಳು ನಿಂತಿರೋದು ಹುಳಕ್ಕಾ? ನಂಗಲ್ವಾ?"

"ಹುಳಕ್ಕೇ ಇರಬಹುದು" ಎಂದೆ. ಇಂಥ ಮಾತಾಡುವ ಧೈರ್ಯ ಅವಿವಾಹಿತರಿಗೆ ಮಾತ್ರ ಇರುತ್ತದೆ.

ಆ ಬೆಳೆ ಮುಗಿದಾಗ ಚಿಕ್ಕಪ್ಪ ಹೊಸ ಮೊಟ್ಟೆ ತರಲಿಲ್ಲ. ಹುಳ ಸಾಕುವ ತಟ್ಟೆಗಳು ತೊಳೆದು ಅಂಗಳದ ಬಿಸಿಲಲ್ಲಿ ಒಣಗುತ್ತಿದ್ದವು. ಚಿಕ್ಕಮ್ಮ ಬರಿದಾದ ಕೋಣೆಯಲ್ಲೆಲ್ಲ ಕಣ್ಣಾಡಿಸಿದಳು.

"ಮೊಟ್ಟೆ ಎಲ್ಲಿ?"

"ತರ್ಲಿಲ್ಲ. ಹೋಗೋದಾದ್ರೆ ಹೋಗು. ಅಡ್ಡ ಬರಲ್ಲ." ನನ್ನ ಸಿದ್ಧಾಂತ ಸುಳ್ಳಾಗಲೆಂದು ಜೀವನದಲ್ಲಿ ಮೊದಲ ಸಲ ಹಾರೈಸಿದೆ.

ಅವಳು ಗಂಟೆತ್ತಿಕೊಂಡು ಬಾಗಿಲವರೆಗೂ ಹೋದಳು. ಅಲ್ಲಿ ನಿಂತು ತಿರುಗಿದಳು.

"ಹುಳ ಬಿಟ್ಟು ಬರಕ್ಕಾಗಲ್ಲ ಅಂತಿದ್ದೆಯಲ್ಲ ಇಷ್ಟು ದಿವ್ಸ! ಈಗ ನಿಂಗೇನಪ್ಪ ನೆವ?"

ಚಿಕ್ಕಪ್ಪ ಗೂಟದಿಂದ ಅಂಗಿ ತೆಗೆದುಕೊಂಡ.

"ನಿಮ್ಮಪ್ಪ ಇನ್ನೊಂದ್ಸಲ ಹುಳದ ಮಾತೆತ್ತಿದ್ರೆ ಎಲೆ ಮುಂದಿಂದ ಎದ್ದು ಬಂದ್ಬಿಡ್ತೀನಿ."

"ಎದ್ದರೆ ನಾನೂ ಏಳ್ತೀನಿ. ನಡಿ."

ಅವಳನ್ನು ತಡೆದಿದ್ದ ಹುಳವೇ ಅವನನ್ನೂ ಮಾವನ ಮನೆಯಿಂದ ಕಾಪಾಡಿತ್ತೆಂಬುದು ನನ್ನ ಉಪನ್ಯಾಸದಲ್ಲಿ ಇರಲಿಲ್ಲ. ಬಿಟ್ಟು ಹೋಗಬಹುದಾದ ದಿನವನ್ನು ಮುಂದೂಡಲು ಇಬ್ಬರೂ ಸೇರಿ ಅಷ್ಟೊಂದು ಹುಳ ಸಾಕಿದ್ದರಲ್ಲ, ಅದಕ್ಕೆ ಯಾವ ಹೆಸರಿಡಬೇಕೋ ನನಗಿನ್ನೂ ತಿಳಿಯದು.

ಇಷ್ಟಾಗಿ, ನನ್ನ ನೆನಪನ್ನು ನೀವು ಪೂರ್ತಿ ನಂಬಬೇಕಿಲ್ಲ. ಆ ದಿನ ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ, ಮನೆಯಲ್ಲಿರಲೇ ಇಲ್ಲ ಎಂದು ಚಿಕ್ಕಮ್ಮ ಈಗಲೂ ಸಾಧಿಸುತ್ತಾಳೆ. ಇದ್ದೀತು. ಆದರೆ ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಕಂಡದ್ದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಚಿಂತಾಮಣಿಯ ಪುಟ್ಟ ರೈಲು ಕೂಗು ಹಾಕಿತ್ತು. ಬಿಟ್ಟು ಹೋಗುತ್ತೇನೆಂದು ವರ್ಷಗಟ್ಟಲೆ ಹೆದರಿಸಿದ್ದ ಹೆಂಗಸು ಹೆಂಗಸರ ಡಬ್ಬಿಯ ಕಿಟಕಿಯಿಂದ ಕತ್ತು ಹೊರಗೆ ಚಾಚಿ, ಹಿಂದಿನ ಡಬ್ಬಿಯ ಕಡೆ ನೋಡುತ್ತಿದ್ದಳು: ಅವನು ಇಳಿದುಬಿಟ್ಟಿಲ್ಲ ತಾನೇ?